ಹನಿ ಎಣಿಸುವವರ ಪ್ರಶ್ನೆಗಳು

ಈ ಸಲದ ಅಂಕಣ ಪೂರ್ತಿ ವಾರ್ಡ್ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ. ಸರ್ಕಾರಿ ಕಾಗದದಲ್ಲಿ ಈಗ ‘ಶುಶ್ರೂಷಾಧಿಕಾರಿ’ ಎಂದು ಬರೆಯುತ್ತಾರೆ. ಹಾಸಿಗೆಯ ಮೇಲಿರುವವರು ಕೂಗುವುದು ಮಾತ್ರ ‘ಸಿಸ್ಟರ್, ಬಾಟ್ಲಿ ಖಾಲಿ ಆಯ್ತು’ ಅಂತಲೇ. ಬಂದ ಪತ್ರಗಳಲ್ಲಿ ಹೆಚ್ಚಿನವು ಅಳತೆ, ಹೊತ್ತು, ಎಣಿಕೆಯ ಪ್ರಶ್ನೆಗಳು. ಊರಿನ ಹೆಸರಷ್ಟೇ ಉಳಿಸಿಕೊಂಡು ಆಸ್ಪತ್ರೆಯ ಹೆಸರು ಬಿಟ್ಟಿದ್ದೇವೆ. ಉತ್ತರ ಕೊಟ್ಟವರು ವಾರ್ಡ್ ಇನ್‌ಚಾರ್ಜ್ ಆಗಿ ದುಡಿದವರು ಮತ್ತು ನರ್ಸಿಂಗ್ ಪಾಠ ಹೇಳುವವರು.

ಪ್ರಶ್ನೆ: ನಮ್ಮ ವಾರ್ಡ್‌ನಲ್ಲಿ ಇನ್‌ಫ್ಯೂಷನ್ ಪಂಪ್ (ಹನಿಯ ವೇಗ ತಾನೇ ನೋಡಿಕೊಳ್ಳೋ ಯಂತ್ರ) ಇಲ್ಲ. 6 ಗಂಟೆಗೆ ಅಂತ ಬರೆದ 500 ಎಂಎಲ್ ಬಾಟ್ಲಿ ಒಂದೊಂದು ಸಲ 3 ಗಂಟೆಗೇ ಮುಗಿಯುತ್ತೆ, ಒಂದೊಂದು ಸಲ ಪಾಳಿ ಮುಗಿದರೂ ಅರ್ಧ ಉಳಿದಿರುತ್ತೆ. ರೌಂಡ್ಸ್‌ನಲ್ಲಿ ಬೈಸಿಕೊಳ್ಳೋದು ನಾವು. ಎಲ್ಲಿ ತಪ್ಪಾಗ್ತಿದೆ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೊದಲು ಐವಿ ಸೆಟ್ಟಿನ, ಅಂದರೆ ಬಾಟ್ಲಿಯಿಂದ ಕೈಗೆ ಬರುವ ನಳಿಕೆಯ, ಪ್ಯಾಕೆಟ್ ತಿರುಗಿಸಿ ನೋಡಿ. 1 ಎಂಎಲ್‌ಗೆ ಎಷ್ಟು ಹನಿ ಅನ್ನೋದು ಅದರ ಮೇಲೇ ಅಚ್ಚಾಗಿರುತ್ತದೆ. ನಮ್ಮ ಕಡೆ ಬರುವ ಸಾಮಾನ್ಯ ಸೆಟ್‌ಗಳಲ್ಲಿ ಹೆಚ್ಚಿನವು 20 ಹನಿಯವು, ಕೆಲವು 15ರವು; ಮೈಕ್ರೋ ಸೆಟ್ 60ರದು. ಸ್ಟೋರಿನವರು ಬೇರೆ ಕಂಪನಿಯ ಸೆಟ್ ತಂದರೆ 20ರ ಜಾಗಕ್ಕೆ 15 ಬಂದು ಕೂತಿರುತ್ತದೆ. ನೀವು ಹಳೇ ಲೆಕ್ಕದಲ್ಲೇ ಹನಿ ಬಿಟ್ಟರೆ 6 ಗಂಟೆಯ ಬಾಟ್ಲಿ ನಾಲ್ಕೂವರೆ ಗಂಟೆಯಲ್ಲಿ ಖಾಲಿ.

ಲೆಕ್ಕ ಇಷ್ಟೇ: ಎಷ್ಟು ಎಂಎಲ್ ಅನ್ನೋದನ್ನು ಸೆಟ್ಟಿನ ಹನಿಯಿಂದ ಗುಣಿಸಿ, ಒಟ್ಟು ನಿಮಿಷದಿಂದ ಭಾಗಿಸಿ. 500ನ್ನು 20ರಿಂದ ಗುಣಿಸಿದರೆ 10,000. ಅದನ್ನು 360 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 28 ಹನಿ. ಓಡಾಡುತ್ತಾ ಬಾಯಲ್ಲೇ ಹಾಕಬಹುದಾದ ಲೆಕ್ಕವೂ ಇದೆ. 20 ಹನಿಯ ಸೆಟ್ ಆದರೆ ಗಂಟೆಗೆ ಹೋಗಬೇಕಾದ ಎಂಎಲ್ ಅನ್ನು 3ರಿಂದ ಭಾಗಿಸಿ, 15ರದಾದರೆ 4ರಿಂದ. ಮೈಕ್ರೋ ಸೆಟ್‌ನಲ್ಲಿ ಭಾಗಾಕಾರವೇ ಬೇಡ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. 28 ಹನಿ ಅಂದರೆ 15 ಸೆಕೆಂಡಿಗೆ 7. ಗಡಿಯಾರದ ಮುಳ್ಳು ನೋಡುತ್ತಾ ಏಳು ಎಣಿಸುವುದು ಯಾರಿಗೂ ಕಷ್ಟವಲ್ಲ. ಆದರೆ ಹನಿ ನಿಧಾನ ಇದ್ದಾಗ 15 ಸೆಕೆಂಡ್ ಸಾಲದು, ಪೂರ್ತಿ ಒಂದು ನಿಮಿಷ ನಿಂತು ಎಣಿಸಿ.

ಇನ್ನು, ಸರಿಯಾಗಿಟ್ಟ ಹನಿ ಯಾಕೆ ಬದಲಾಗುತ್ತದೆ? ಹನಿ ಏರಿಸಿ ಇಳಿಸುವ ರೋಲರ್ ಒತ್ತಿಟ್ಟ ಜಾಗದಲ್ಲಿ ಪ್ಲಾಸ್ಟಿಕ್ ನಳಿಕೆ ಮೆತ್ತಗೆ ಆಕಾರ ಬದಲಿಸುತ್ತಾ ಹೋಗುತ್ತದೆ. ಹಾಗಾಗಿ ಇಟ್ಟ 15 ನಿಮಿಷಕ್ಕೆ ಮತ್ತೊಮ್ಮೆ ಬಂದು ಎಣಿಸದಿದ್ದರೆ ಮೊದಲ ಎಣಿಕೆಗೆ ಬೆಲೆಯಿಲ್ಲ. ಮೊಣಕೈ ಮಡಿಕೆಯಲ್ಲಿ ಕ್ಯಾನುಲಾ (ನರದೊಳಗೆ ಕೂರುವ ಪ್ಲಾಸ್ಟಿಕ್ ನಳಿಕೆ) ಇದ್ದರೆ ರೋಗಿ ಕೈ ಮಡಚಿದಾಗ ನಿಲ್ಲುತ್ತದೆ, ಚಾಚಿದಾಗ ಓಡುತ್ತದೆ. ಬಾತ್‌ರೂಮಿಗೆ ಹೋಗುವಾಗ ಅಟೆಂಡರ್, ಅಂದರೆ ರೋಗಿಯ ಜೊತೆಗಿರುವವರು, ರೋಲರ್ ಮುಚ್ಚಿ, ಬಂದ ಮೇಲೆ ಅಂದಾಜಿಗೆ ಬಿಟ್ಟಿರುತ್ತಾರೆ. ‘ಗ್ಲೂಕೋಸ್ ಬೇಗ ಮುಗಿದರೆ ಮನೆಗೆ ಬೇಗ ಹೋಗಬಹುದು’ ಅನ್ನೋ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಹನಿ ಬೀಳುವ ಡ್ರಿಪ್ ಚೇಂಬರ್ ಅರ್ಧ ಮಾತ್ರ ತುಂಬಿರಬೇಕು. ಪೂರ್ತಿ ತುಂಬಿದರೆ ಹನಿಯೇ ಕಾಣುವುದಿಲ್ಲ. ಗಟ್ಟಿ ಪ್ಲಾಸ್ಟಿಕ್ ಬಾಟ್ಲಿಗೆ ಗಾಳಿ ಒಳಹೋಗದಿದ್ದರೆ ಅರ್ಧದಲ್ಲೇ ಹನಿ ಸೊರಗುತ್ತದೆ. ಸೆಟ್ಟಿನಲ್ಲೇ ಇರುವ ಗಾಳಿಕಿಂಡಿಯ ಮುಚ್ಚಳ ತೆಗೆಯಿರಿ. ಅದನ್ನು ಬಿಟ್ಟು ಬಾಟ್ಲಿಯ ತಳಕ್ಕೆ ಸೂಜಿ ಚುಚ್ಚುವ ಹಳೇ ಚಾಳಿ ವಾರ್ಡ್‌ನ ಗಾಳಿಯನ್ನೆಲ್ಲ ನೇರ ರಕ್ತದ ದಾರಿಗೆ ಕರೆದುಕೊಂಡು ಹೋಗುತ್ತದೆ.

ಪಂಪ್ ಇಲ್ಲದ ವಾರ್ಡ್‌ಗೆ ಒಂದು ಉಪಾಯ: ಬಾಟ್ಲಿಯ ಉದ್ದಕ್ಕೆ ಒಂದು ಪಟ್ಟಿ ಮೈಕ್ರೋಪೋರ್ ಅಂಟಿಸಿ, ಪ್ರತಿ ಗಂಟೆಗೆ ನೀರು ಎಲ್ಲಿರಬೇಕೋ ಅಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. 8, 9, 10. ಹಾದುಹೋಗುವಾಗ ಒಂದು ಕಣ್ಣು ಹಾಯಿಸಿದರೆ ಸಾಕು. ಗೆರೆಗಿಂತ ಹಿಂದೆ ಬಿದ್ದಿದ್ದರೆ ಸರಿದೂಗಿಸಲು ರೋಲರ್ ಪೂರ್ತಿ ಬಿಡಬೇಡಿ. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಅರ್ಧ ಬಾಟ್ಲಿ ಒಂದೇ ಸಲ ಓಡಿದರೆ ಶ್ವಾಸಕೋಶಕ್ಕೆ ನೀರು ತುಂಬಬಹುದು. ಮೊದಲ ಸುಳಿವು ಕೆಮ್ಮು, ಮಲಗಲಾರದೆ ಎದ್ದು ಕೂರುವುದು. ಉಳಿದದ್ದಕ್ಕೆ ಡಾಕ್ಟರನ್ನು ಕೇಳಿ ಹೊಸದಾಗಿ ಲೆಕ್ಕ ಹಾಕಿ.

ಪ್ರಶ್ನೆ: ಬೆಳಿಗ್ಗೆ 24 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ಕೆಂಪು ಕ್ಯಾಪ್ ಸಿರಿಂಜ್ ಮುಗಿದಿತ್ತು, ಕಿತ್ತಳೆ ಕ್ಯಾಪಿನದು ಇತ್ತು. ಎರಡರಲ್ಲೂ ಯೂನಿಟ್ ಗೆರೆ ಇದೆಯಲ್ಲ, ಯಾವುದಾದರೇನು ಅಂತ ಜೂನಿಯರ್ ಕೇಳ್ತಾಳೆ. ಅರ್ಥ ಆಗೋ ಹಾಗೆ ಹೇಗೆ ಹೇಳಲಿ?
(ದಾವಣಗೆರೆಯ ಓದುಗರು)

ಉತ್ತರ: ಎರಡೂ ಸಿರಿಂಜ್, ಎರಡೂ ವಯಲ್ (ಔಷಧದ ಪುಟ್ಟ ಸೀಸೆ) ಮೇಜಿನ ಮೇಲಿಟ್ಟು ತೋರಿಸಿ, ಬಾಯಿಮಾತಿಗಿಂತ ಬೇಗ ತಿಳಿಯುತ್ತದೆ. ನಮ್ಮ ದೇಶದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಮಾರಾಟವಾಗುತ್ತದೆ. 1 ಎಂಎಲ್‌ನಲ್ಲಿ 40 ಯೂನಿಟ್ ಇರುವ ವಯಲ್, ಅದಕ್ಕೆ ಕೆಂಪು ಕ್ಯಾಪ್. 1 ಎಂಎಲ್‌ನಲ್ಲಿ 100 ಯೂನಿಟ್ ಇರುವ ವಯಲ್ ಮತ್ತು ಪೆನ್ನಿನ ಕಾರ್ಟ್ರಿಜ್, ವಯಲ್‌ಗೆ ಕಿತ್ತಳೆ ಕ್ಯಾಪ್. ಸಿರಿಂಜ್ ಮೇಲಿನ ಗೆರೆ ಯೂನಿಟ್ ಅಳೆಯುವುದಿಲ್ಲ, ನೀರು ಅಳೆಯುತ್ತದೆ. ಇಂಥ ಇನ್ಸುಲಿನ್ ತುಂಬುತ್ತಾರೆ ಎಂದು ನಂಬಿ ಅಚ್ಚು ಹಾಕಿರುತ್ತಾರೆ, ಅಷ್ಟೇ.

ಕೆಂಪು ಸಿರಿಂಜ್‌ನ 24ರ ಗೆರೆ ಅಂದರೆ 0.6 ಎಂಎಲ್. ಅದಕ್ಕೆ 40ರ ವಯಲ್‌ನಿಂದ ಎಳೆದರೆ ಸರಿಯಾಗಿ 24 ಯೂನಿಟ್. ಕಿತ್ತಳೆ ಸಿರಿಂಜ್‌ನ 24ರ ಗೆರೆ ಅಂದರೆ 0.24 ಎಂಎಲ್. ಅದರಲ್ಲಿ 40ರ ವಯಲ್‌ನಿಂದ ಎಳೆದರೆ ಸಿಗುವುದು 10 ಯೂನಿಟ್‌ಗೂ ಕಡಿಮೆ. ಶುಗರ್ ಇಳಿಯುವುದಿಲ್ಲ, ಡಾಕ್ಟರ್ ಡೋಸ್ ಏರಿಸುತ್ತಾರೆ, ಮಾರನೇ ದಿನ ಕೆಂಪು ಸಿರಿಂಜ್ ಬರುತ್ತದೆ, ಏರಿಸಿದ ಡೋಸ್ ಪೂರ್ತಿ ಒಳಗೆ ಹೋಗುತ್ತದೆ. ತಿರುವುಮುರುವಾದರೆ ಇನ್ನೂ ಕೆಟ್ಟದ್ದು: 100ರ ಇನ್ಸುಲಿನ್ ಅನ್ನು ಕೆಂಪು ಸಿರಿಂಜ್‌ನಲ್ಲಿ 24ರವರೆಗೆ ಎಳೆದರೆ ಅದು 60 ಯೂನಿಟ್. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಜ್‌ಗೇ ಸಿರಿಂಜ್ ಚುಚ್ಚಿ ಎಳೆಯುವವರು ಬೀಳುವುದು ಇದೇ ಗುಂಡಿಗೆ. ಸಿರಿಂಜ್ ಇಲ್ಲದಿದ್ದರೆ ಎರಡೂವರೆಯಿಂದ ಗುಣಿಸಿ ಭಾಗಿಸಿ ಹೊಂದಿಸುವ ಬುದ್ಧಿವಂತಿಕೆ ಬೇಡ. ಪಕ್ಕದ ವಾರ್ಡ್‌ನಿಂದ ತರಿಸಿ.

ಚಾರ್ಟ್‌ನಲ್ಲಿ ‘ಯೂನಿಟ್’ ಅಂತ ಪೂರ್ತಿ ಬರೆಯಲು ಹೇಳಿ. ಇಂಗ್ಲಿಷಿನ ‘ಯು’ ಅಕ್ಷರವನ್ನು ಅವಸರದಲ್ಲಿ ಗೀಚಿದರೆ ಸೊನ್ನೆಯಂತೆ ಕಾಣುತ್ತದೆ, 10 ಹೋಗಿ 100 ಆಗುತ್ತದೆ. ವಯಲ್ ತೆರೆದ ದಿನಾಂಕ ಬರೆದಿಡಿ, ಸಾಮಾನ್ಯವಾಗಿ 28 ದಿನ ಕಳೆದರೆ ಎಸೆಯಬೇಕು. ಮೊದಲಿಂದಲೂ ಮಸುಕಾಗಿಯೇ ಇರುವ ಬಗೆಯ ಇನ್ಸುಲಿನ್ ಅನ್ನು ಕುಲುಕದೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ. ಕೊಡುವ ಮೊದಲು ಊಟದ ಟ್ರಾಲಿ ಎಲ್ಲಿದೆ ಕೇಳಿ. ಸ್ಕ್ಯಾನಿಂಗ್‌ಗೆ ಖಾಲಿ ಹೊಟ್ಟೆಯಲ್ಲಿ ಇರಿಸಿದವರಿಗೆ ಎಂದಿನ ಡೋಸ್ ಕೊಟ್ಟು ಕಳಿಸುವುದು ವಾರ್ಡ್‌ನಲ್ಲಿ ಆಗಾಗ ಆಗುವ ತಪ್ಪು. ಶುಗರ್ 70ಕ್ಕಿಂತ ಕೆಳಗಿಳಿದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಬೇಡ. ಲೈನ್ ಮೂಲಕ ಡೆಕ್ಸ್‌ಟ್ರೋಸ್, ಡಾಕ್ಟರಿಗೆ ಕರೆ, ಎರಡೂ ಒಟ್ಟಿಗೇ ಆಗಬೇಕು.

ಪ್ರಶ್ನೆ: ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಿ ರಕ್ತ ತೆಗೆದು ಸ್ಪಿರಿಟ್ ಹಾಕಬೇಕು ಅಂತ ಸೀನಿಯರ್ ಹೇಳ್ತಾರೆ. ಸರೀನಾ? ‘ಯಾರಿಗೂ ಹೇಳಬೇಡ, ಸುಮ್ನೆ ತಲೆನೋವು’ ಅಂತಾನೂ ಹೇಳ್ತಾರೆ.
(ವಿಜಯಪುರದ ಓದುಗರು)

ಉತ್ತರ: ಎರಡೂ ತಪ್ಪು. ಹಿಂಡಬಾರದು, ಬೆರಳನ್ನು ಬಾಯಿಗೆ ಇಡಬಾರದು, ಸ್ಪಿರಿಟ್, ಬ್ಲೀಚಿಂಗ್ ಯಾವುದೂ ಬೇಡ; ಅವು ಚರ್ಮವನ್ನು ಇನ್ನಷ್ಟು ಕೆಡಿಸುತ್ತವೆ. ಗ್ಲೌಸ್ ತೆಗೆದು ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಸಿಡಿದಿದ್ದರೆ ನೀರು ಅಥವಾ ಸಲೈನ್‌ನಿಂದ ತೊಳೆಯಿರಿ, ಲೆನ್ಸ್ ಹಾಕಿದ್ದರೆ ಮೊದಲು ಹಾಗೇ ತೊಳೆದು, ಆಮೇಲೆ ತೆಗೆದು, ಮತ್ತೆ ತೊಳೆಯಿರಿ.

ಆಮೇಲೆ ಗಡಿಯಾರ ನೋಡಿ. ಎಚ್‌ಐವಿ ತಡೆಯುವ ಮಾತ್ರೆಯ ಮೊದಲ ಡೋಸ್ 2 ಗಂಟೆಯೊಳಗೆ ಸಿಕ್ಕರೆ ಉತ್ತಮ. 72 ಗಂಟೆ ದಾಟಿದರೆ ಕೊಟ್ಟು ಉಪಯೋಗವಿಲ್ಲ. ಅದಕ್ಕೇ ಪಾಳಿ ಮುಗಿಯಲಿ ಅಂತ ಕಾಯಬೇಡಿ. ಟ್ರೇ ಪಕ್ಕದವರ ಕೈಗೆ ಕೊಟ್ಟು ನೇರ ಕ್ಯಾಶುಯಲ್ಟಿ ಡಾಕ್ಟರ್ ಬಳಿ ಹೋಗಿ. ಸೂಜಿ ಟೊಳ್ಳೇ, ಹೊಲಿಗೆಯದೇ, ರಕ್ತ ಕಾಣುತ್ತಿತ್ತೇ, ಎಷ್ಟು ಆಳ, ಯಾವ ರೋಗಿಯದು, ಇವಿಷ್ಟನ್ನೂ ಹೇಳಿ. ಮಾತ್ರೆ ಬೇಕು ಅಂತ ತೀರ್ಮಾನವಾದರೆ ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ ದಿನಕ್ಕೊಂದರಂತೆ 28 ದಿನ. ವಾಕರಿಕೆ ಅಂತ ಹತ್ತನೇ ದಿನಕ್ಕೆ ಬಿಡುವವರಿದ್ದಾರೆ, ಬಿಡಬೇಡಿ. ಅಂದೇ ನಿಮ್ಮ ರಕ್ತದ ಪರೀಕ್ಷೆಯೂ ಆಗಿರಬೇಕು. ಚುಚ್ಚುವ ಮೊದಲು ನಿಮಗೆ ಸೋಂಕು ಇರಲಿಲ್ಲ ಅನ್ನುವುದಕ್ಕೆ ನಾಳೆ ಬೇರೆ ದಾಖಲೆ ಸಿಗುವುದಿಲ್ಲ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತ ಸೂಜಿಯಿಂದ ಅದು ತಗಲುವ ಸಾಧ್ಯತೆ ಶೇ 0.3ರಷ್ಟು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೂ ಹೋಗುತ್ತದೆ. ಲಸಿಕೆ ಮೂರು ಸಲ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯದಾದ ಒಂದೆರಡು ತಿಂಗಳಿಗೆ ಟೈಟರ್ ಪರೀಕ್ಷೆ (ಲಸಿಕೆ ಎಷ್ಟು ಹಿಡಿದಿದೆ ಅನ್ನೋ ರಕ್ತ ಪರೀಕ್ಷೆ) ಮಾಡಿಸಿ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ರಕ್ಷಣೆ ಇದೆ. ಆ ಚೀಟಿಯನ್ನು ರಿಜಿಸ್ಟ್ರೇಷನ್ ಸರ್ಟಿಫಿಕೇಟಿನಷ್ಟೇ ಜೋಪಾನವಾಗಿಡಿ.

ಚುಚ್ಚುವುದು ಎಲ್ಲಿ? ಬಹುಪಾಲು ಕ್ಯಾಪ್ ತಿರುಗಿ ಹಾಕುವಾಗ, ಮತ್ತೆ ಯಾರೋ ಟ್ರೇಯಲ್ಲಿ ಹತ್ತಿಯ ಕೆಳಗೆ ಬಿಟ್ಟ ಸೂಜಿಯನ್ನು ಇನ್ನೊಬ್ಬರು ತೆಗೆಯುವಾಗ. ಸೂಜಿ ಕತ್ತರಿಸುವ ಹಬ್ ಕಟರ್ ಮತ್ತು ಸೂಜಿ ಹಾಕುವ ಬಿಳಿ ಡಬ್ಬ ನರ್ಸಿಂಗ್ ಸ್ಟೇಷನ್‌ನಲ್ಲಿದ್ದರೆ ಸಾಲದು, ಟ್ರಾಲಿಯ ಮೇಲೆ ಹಾಸಿಗೆಯ ತನಕ ಬರಬೇಕು. ಡಬ್ಬ ಮುಕ್ಕಾಲು ತುಂಬಿದಾಗ ಮುಚ್ಚಿಬಿಡಿ. ಕ್ಯಾಪ್ ಹಾಕಲೇಬೇಕಾಗಿ ಬಂದರೆ ಕ್ಯಾಪನ್ನು ಟ್ರೇಯಲ್ಲಿಟ್ಟು ಒಂದೇ ಕೈಯಲ್ಲಿ ಸೂಜಿಯಿಂದ ಬಾಚಿಕೊಳ್ಳಿ.

ಪ್ರಶ್ನೆ: ಸಲೈನ್ ಬಾಟ್ಲಿ ಯಾವ ಬಿನ್‌ಗೆ? ಕೆಂಪೋ ಹಳದಿಯೋ? ಪ್ರತಿ ಇನ್‌ಸ್ಪೆಕ್ಷನ್‌ನಲ್ಲೂ ಗಲಾಟೆ.
(ಮಂಡ್ಯದ ಓದುಗರು)

ಉತ್ತರ: ಕೆಂಪು. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಬಾಟ್ಲಿ, ಐವಿ ಸೆಟ್, ಕ್ಯಾತಿಟರ್, ಯೂರಿನ್ ಬ್ಯಾಗ್, ಸೂಜಿ ತೆಗೆದ ಸಿರಿಂಜ್, ಗ್ಲೌಸ್ ಎಲ್ಲ ಕೆಂಪಿಗೆ. ರಕ್ತ ಮೆತ್ತಿದ ಹತ್ತಿ, ಡ್ರೆಸ್ಸಿಂಗ್, ಬ್ಲಡ್ ಬ್ಯಾಗ್, ಅವಧಿ ಮುಗಿದ ಔಷಧ ಹಳದಿಗೆ. ಸೂಜಿ, ಬ್ಲೇಡ್ ಬಿಳಿ ಡಬ್ಬಕ್ಕೆ. ಗಾಜಿನ ಆಂಪೂಲ್, ವಯಲ್ ನೀಲಿಗೆ. ನೆನಪಿಡಲು ಬಣ್ಣ ಬಾಯಿಪಾಠ ಮಾಡುವ ಬದಲು ಮುಂದೆ ಏನಾಗುತ್ತದೆ ಅಂತ ಯೋಚಿಸಿ: ಹಳದಿಯದು ಸುಡಲು ಹೋಗುತ್ತದೆ, ಕೆಂಪಿನದು ಸೋಂಕು ಕಳೆದು ಚೂರಾಗಿ ಮರುಬಳಕೆಗೆ. ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಹೊಗೆ ಬರುತ್ತದೆ, ಅದಕ್ಕೇ ಸೆಟ್ ಹಳದಿಗೆ ಬೀಳಬಾರದು. ಕೆಂಪು ಚೀಲದಲ್ಲಿ ಒಂದು ಸೂಜಿ ಉಳಿದರೂ ಅದು ಹೋಗುವುದು ಚೀಲ ಎತ್ತುವವರ ಕೈಗೆ. ಊಟದ ತಟ್ಟೆ, ಬಾಳೆಹಣ್ಣಿನ ಸಿಪ್ಪೆ ಈ ಯಾವುದಕ್ಕೂ ಅಲ್ಲ, ಊರ ಕಸಕ್ಕೆ.

ಪ್ರಶ್ನೆ: ರಾತ್ರಿ 8ರ ಇಂಜೆಕ್ಷನ್ ಯಾರು ಕೊಡಬೇಕು, ಹೋಗುವವರೋ ಬರುವವರೋ? ಮೊನ್ನೆ ಇಬ್ಬರೂ ಕೊಟ್ಟಿದ್ದಾರೆ. ಓವರ್ (ಹೋಗುವ ಪಾಳಿಯವರಿಂದ ವಾರ್ಡ್ ಒಪ್ಪಿಸಿಕೊಳ್ಳೋದು) ತಗೊಳ್ಳೋಕೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಆದರೂ ಮುಖ್ಯವಾದದ್ದೇ ಬಿಟ್ಟುಹೋಗುತ್ತೆ.
(ಬಳ್ಳಾರಿಯ ಓದುಗರು)

ಉತ್ತರ: 8ರಿಂದ 2, 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ಈ ಪಾಳಿ ಇರುವ ಕಡೆಯಲ್ಲೆಲ್ಲ 8 ಗಂಟೆಯ ಡೋಸ್ ಅನಾಥ. ವಾರ್ಡ್‌ಗೆ ಒಂದೇ ನಿಯಮ ಮಾಡಿ ಗೋಡೆಗೆ ಅಂಟಿಸಿ. ಹೋಗುವವರು 8ರ ಡೋಸ್ ಕೊಟ್ಟು, ಸಹಿ ಹಾಕಿ, ಆಮೇಲೆ ಓವರ್ ಕೊಡಲಿ ಅನ್ನೋದು ನಮ್ಮ ಅಭಿಪ್ರಾಯ. ಆ ರೋಗಿಯನ್ನು ಆರು ಗಂಟೆಗಳ ಕಾಲ ನೋಡಿಕೊಂಡವರು ಅವರು. ಡೋಸ್ ಎರಡು ಸಲ ಹೋಗಿದ್ದು ಮರೆವಿನಿಂದಲ್ಲ, ಸಹಿಯಿಂದ. ಕೆಲವರು ಔಷಧ ತುಂಬುವಾಗಲೇ ಎಲ್ಲದಕ್ಕೂ ಟಿಕ್ ಹಾಕಿಬಿಡುತ್ತಾರೆ, ಕೆಲವರು ಎಲ್ಲ ಮುಗಿಸಿ ಕೂತು ಒಟ್ಟಿಗೆ ಹಾಕುತ್ತಾರೆ. ಹೀಗಾದರೆ ಆ ಟಿಕ್‌ಗೆ ಅರ್ಥವೇ ಇಲ್ಲ. ಹಾಸಿಗೆಯ ಪಕ್ಕ, ಕೊಟ್ಟ ತಕ್ಷಣ, ಕೊಟ್ಟವರೇ ಸಹಿ ಹಾಕಬೇಕು.

30 ಜನರ ಕಥೆಯನ್ನು ಒಂದನೇ ಹಾಸಿಗೆಯಿಂದ ಶುರು ಮಾಡಿ ಒಂದೇ ರಾಗದಲ್ಲಿ ಹೇಳಿದರೆ ಇಪ್ಪತ್ತನೆಯದಕ್ಕೆ ಕೇಳುವವರ ಕಿವಿ ಮುಚ್ಚಿರುತ್ತದೆ. ತುಂಬಾ ಸೀರಿಯಸ್ ಇರುವ ಐದಾರು ಜನರಿಂದ ಶುರು ಮಾಡಿ, ಅವರ ಹಾಸಿಗೆ ಪಕ್ಕಕ್ಕೇ ಹೋಗಿ. ಅಲ್ಲಿ ಇಬ್ಬರೂ ಸೇರಿ ಕೈಯಿಟ್ಟು ನೋಡಬೇಕಾದ್ದು: ಕ್ಯಾನುಲಾ ಜಾಗ ಕೆಂಪಾಗಿದೆಯೇ, ಬಾಟ್ಲಿಯಲ್ಲಿ ಎಷ್ಟು ಉಳಿದಿದೆ, ಆಕ್ಸಿಜನ್ ಎಷ್ಟು ಲೀಟರ್, ಯೂರಿನ್ ಬ್ಯಾಗ್‌ನಲ್ಲಿ ಎಷ್ಟಿದೆ, ಡ್ರೈನ್‌ನ ಬಣ್ಣ. ಕೊಟ್ಟದ್ದು ಚಾರ್ಟ್‌ನಲ್ಲೇ ಇರುತ್ತದೆ, ಕೊಡದೇ ಉಳಿದದ್ದನ್ನು ಬಾಯಿಬಿಟ್ಟು ಹೇಳಿ. ‘ಪೊಟ್ಯಾಸಿಯಂ ರಿಪೋರ್ಟ್ ಬಂದಿಲ್ಲ’, ‘ಒಂದು ಬ್ಯಾಗ್ ರಕ್ತ ರೆಡಿ ಇದೆ, ತಂದಿಲ್ಲ’, ‘ಬೆಳಿಗ್ಗೆ ಆಪರೇಷನ್, ರಾತ್ರಿ 12ರ ಮೇಲೆ ಊಟ ಇಲ್ಲ, ಅಮ್ಮನಿಗೆ ಹೇಳಿದ್ದೀನಿ, ಮಗನಿಗೆ ಹೇಳಿಲ್ಲ’. ಕೊನೆಯದು ಸಣ್ಣದೆನಿಸಬಹುದು, ಆಪರೇಷನ್ ಮುಂದಕ್ಕೆ ಹೋಗುವುದು ಬಹಳ ಸಲ ಆ ಮಗ ತಂದ ಇಡ್ಲಿಯಿಂದ. ಕೊನೆಗೆ ಬೀಗದ ಕೈ, ಲೆಕ್ಕದ ಔಷಧ, ಎಮರ್ಜೆನ್ಸಿ ಟ್ರಾಲಿ ಎಣಿಸಿ ಇಬ್ಬರೂ ಸಹಿ ಹಾಕಿ.

ಫೋನ್‌ನಲ್ಲಿ ಬಂದ ಆರ್ಡರನ್ನು ಬರೆದುಕೊಂಡು ತಿರುಗಿ ಓದಿ ಹೇಳಿ. ‘ಹದಿನೈದು’ ‘ಐವತ್ತು’ ಇಂಗ್ಲಿಷಿನಲ್ಲಿ ಕಿವಿಗೆ ಒಂದೇ ಥರ ಬೀಳುತ್ತವೆ. ಒಂದು ಐದು, ಐದು ಸೊನ್ನೆ ಅಂತ ಬಿಡಿಸಿ ಕೇಳಿ.

ಪ್ರಶ್ನೆ: ಶಿರಸಿಯಿಂದ ಹುಬ್ಬಳ್ಳಿಗೆ ರೋಗಿಯನ್ನು ಕಳಿಸುವಾಗ ಸಣ್ಣ ಸಿಲಿಂಡರ್ ಸಾಕಾಗುತ್ತೋ ಇಲ್ಲವೋ ಗೊತ್ತಾಗಲ್ಲ. ಡ್ರೈವರ್ ‘ಫುಲ್ ಇದೆ ಮೇಡಂ’ ಅಂತಾರೆ.
(ಉತ್ತರ ಕನ್ನಡದ ಓದುಗರು)

ಉತ್ತರ: ‘ಫುಲ್’ ಅನ್ನೋದನ್ನು ಡ್ರೈವರ್ ಬಾಯಿಂದ ಕೇಳಬೇಡಿ, ಗೇಜ್‌ನಲ್ಲಿ ಓದಿ. ಆಂಬುಲೆನ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಬಿ ಟೈಪ್ ಸಿಲಿಂಡರ್‌ಗೆ 10 ಲೀಟರ್ ನೀರು ಹಿಡಿಯುತ್ತದೆ. ಪೂರ್ತಿ ತುಂಬಿದಾಗ ಗೇಜ್ 150ರ ಹತ್ತಿರ ಇರುತ್ತದೆ, ಅಂದರೆ 1,500 ಲೀಟರ್ ಆಕ್ಸಿಜನ್. ಗೇಜ್ ಅಂಕಿಯ ಮುಂದೆ ಒಂದು ಸೊನ್ನೆ ಸೇರಿಸಿದರೆ ಉಳಿದ ಲೀಟರ್ ಸಿಗುತ್ತದೆ. 80 ತೋರಿಸಿದರೆ 800. ಅದರಲ್ಲಿ ಕೊನೆಯ 200 ಅನ್ನು ಲೆಕ್ಕಕ್ಕೇ ಹಿಡಿಯಬೇಡಿ. ಉಳಿದ 600 ಲೀಟರ್, ನಿಮಿಷಕ್ಕೆ 6ರಂತೆ ಬಿಟ್ಟರೆ 100 ನಿಮಿಷ.

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಎರಡೂವರೆ ಗಂಟೆ ಅಂತಲೇ ಇಟ್ಟುಕೊಳ್ಳಿ. 150 ನಿಮಿಷ, 6 ಲೀಟರಿನಂತೆ 900. ಮಳೆಗಾಲ, ರಸ್ತೆ, ಪಂಕ್ಚರ್, ಅಲ್ಲಿ ಹೋದ ಮೇಲೆ ಸ್ಟ್ರೆಚರ್‌ಗೆ ಕಾಯುವುದು, ಇದಕ್ಕೆಲ್ಲ ಅರ್ಧದಷ್ಟು ಸೇರಿಸಿ: 1,350. ತುಂಬಿದ ಸಿಲಿಂಡರ್‌ನಲ್ಲೂ ಕೊನೆಯ 200 ಬಿಟ್ಟರೆ ಸಿಗುವುದು 1,300, ಹಾಗಾಗಿ ಎರಡನೆಯದೊಂದು ಜೊತೆಗಿರಲಿ. ರಿಸರ್ವಾಯರ್ ಚೀಲವಿರುವ ಮಾಸ್ಕ್‌ನಲ್ಲಿ 10 ಲೀಟರ್ ಹೋಗುತ್ತಿದ್ದರೆ 2,250 ಬೇಕಾಗುತ್ತದೆ, ಎರಡು ಸಿಲಿಂಡರ್ ಇಲ್ಲದೆ ಗಾಡಿ ಹತ್ತಬೇಡಿ. ಲೀಟರ್ ಉಳಿಸಲು ಮಾಸ್ಕ್‌ನಲ್ಲಿ ಹರಿವು ತಗ್ಗಿಸುವುದು ಅಪಾಯ: ಸಾದಾ ಮಾಸ್ಕ್‌ಗೆ 5ಕ್ಕಿಂತ ಕಡಿಮೆ ಬಿಟ್ಟರೆ ರೋಗಿ ತಾನು ಬಿಟ್ಟ ಉಸಿರನ್ನೇ ತಿರುಗಿ ಎಳೆದುಕೊಳ್ಳುತ್ತಾನೆ. ಚೀಲದ ಮಾಸ್ಕ್ ಆದರೆ ಉಸಿರೆಳೆದಾಗ ಚೀಲ ಪೂರ್ತಿ ಚಪ್ಪಟೆಯಾಗಬಾರದು. ಫ್ಲೋ ಮೀಟರ್‌ನಲ್ಲಿ ಗುಂಡಿನ ನಡು ಎಲ್ಲಿದೆಯೋ ಅದೇ ಓದುವ ಅಂಕಿ.

ಹೊರಡುವ ಮೊದಲು ಸ್ಪ್ಯಾನರ್ ಇದೆಯೇ ನೋಡಿ. ಎರಡನೇ ಸಿಲಿಂಡರ್ ತುಂಬಿದ್ದರೂ ತೆರೆಯುವ ಸ್ಪ್ಯಾನರ್ ಆಸ್ಪತ್ರೆಯಲ್ಲೇ ಉಳಿದಿರುತ್ತದೆ. ರೆಗ್ಯುಲೇಟರ್ ಕೂರುವ ಜಾಗದ ವಾಷರ್ ಸವೆದಿದ್ದರೆ ಸುಯ್ ಅಂತ ಸೋರುತ್ತದೆ. ಒಂದೆರಡು ಬಿಡಿ ವಾಷರ್ ಕಿಟ್‌ನಲ್ಲಿರಲಿ. ಎಣ್ಣೆ, ವ್ಯಾಸಲಿನ್ ಹತ್ತಿದ ಕೈಯಲ್ಲಿ ವಾಲ್ವ್ ಮುಟ್ಟಬೇಡಿ, ಒತ್ತಡದ ಆಕ್ಸಿಜನ್‌ಗೆ ಜಿಡ್ಡು ಸಿಕ್ಕರೆ ಹೊತ್ತಿಕೊಳ್ಳಬಹುದು. ಸಿಲಿಂಡರ್‌ಗೆ ಬೆಲ್ಟ್ ಬಿಗಿಯಿರಿ.

ಪ್ರಶ್ನೆ: ವಾಂತಿ ಭೇದಿಯಾಗಿ ಬಂದವರಿಗೆ, ವಯಸ್ಸಾದವರಿಗೆ ನರ ಸಿಗೋದೇ ಇಲ್ಲ. ನಾಲ್ಕೈದು ಸಲ ಚುಚ್ಚಿದರೆ ಮನೆಯವರು ಬೈಯುತ್ತಾರೆ.
(ಚಿಕ್ಕಬಳ್ಳಾಪುರದ ಓದುಗರು)

ಉತ್ತರ: ಬೈಯುವುದು ನ್ಯಾಯವೇ. ಎರಡು ಸಲ ಸಿಗದಿದ್ದರೆ ಇನ್ನೊಬ್ಬರನ್ನು ಕರೆಯಿರಿ, ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ. ಚುಚ್ಚುವ ಮೊದಲು ಕೈಯನ್ನು ಹಾಸಿಗೆಯಿಂದ ಕೆಳಗೆ ಇಳಿಬಿಡಿಸಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆ ಐದಾರು ನಿಮಿಷ ಸುತ್ತಿಡಿ. ವಯಸ್ಸಾದವರಿಗೆ ಟೂರ್ನಿಕೆ ಬಿಗಿಯಾದರೆ ಚುಚ್ಚಿದ ಕೂಡಲೇ ರಕ್ತನಾಳ ಒಡೆದು ಊದಿಕೊಳ್ಳುತ್ತದೆ. ತೋಳಿನ ಬಟ್ಟೆಯ ಮೇಲೆ ಸಡಿಲವಾಗಿ ಕಟ್ಟಿ. ಚರ್ಮವನ್ನು ಕೆಳಕ್ಕೆ ಎಳೆದು ಹಿಡಿಯದಿದ್ದರೆ ಅದು ಜಾರುತ್ತದೆ. ಕಣ್ಣಿಗಿಂತ ಬೆರಳು ನಂಬಿ: ಒತ್ತಿದರೆ ಪುಟಿಯಬೇಕು. ಹಗ್ಗದಂತೆ ಗಟ್ಟಿಯಾಗಿದ್ದರೆ ಅದು ಆಗಲೇ ಕೆಟ್ಟದ್ದು, ಮಿಡಿಯುತ್ತಿದ್ದರೆ ಅದು ಧಮನಿ, ಬಿಡಿ. ಔಷಧಕ್ಕೆ ಮಾತ್ರವಾದರೆ ನೀಲಿ ಕ್ಯಾನುಲಾ, ಅಂದರೆ 22 ಗೇಜ್ ಸಾಕು (ಗೇಜ್ ಅಂಕಿ ಹೆಚ್ಚಾದಷ್ಟೂ ನಳಿಕೆ ಸಣ್ಣ). ಬೇಗ ದ್ರವ ಏರಿಸಬೇಕಾದ ಆಘಾತದ ರೋಗಿಗೆ ಹಸಿರು 18 ಬೇಕು, ಅಲ್ಲಿ ಹಳದಿ 24 ಹಾಕಿ ಸಮಾಧಾನ ಪಡಬೇಡಿ. ರಕ್ತ ಕಂಡ ಮೇಲೆ ಸೂಜಿಯನ್ನು ಇನ್ನೂ ಒಂದೆರಡು ಮಿಲಿಮೀಟರ್ ತಗ್ಗಿಸಿ ಒಳತಳ್ಳಿ, ಆಮೇಲೆ ಪ್ಲಾಸ್ಟಿಕ್ ಸರಿಸಿ. ಸೂಜಿಯ ತುದಿ ಮಾತ್ರ ಒಳಗಿದ್ದು ಪ್ಲಾಸ್ಟಿಕ್ ಇನ್ನೂ ಹೊರಗಿದ್ದಾಗಲೇ ತಳ್ಳುವುದರಿಂದ ‘ಸಿಕ್ಕಿತ್ತು, ಹೋಯ್ತು’ ಆಗುತ್ತದೆ. ಹಿಂದೆಗೆದ ಸೂಜಿಯನ್ನು ಒಳಗಿರುವ ಪ್ಲಾಸ್ಟಿಕ್‌ಗೆ ತಿರುಗಿ ತೂರಿಸಬೇಡಿ. ತುದಿ ಕತ್ತರಿಸಿ ಒಳಗೇ ಉಳಿಯಬಹುದು. ಸ್ತನದ ಆಪರೇಷನ್ ಆದ ಕಡೆಯ ಕೈ, ಡಯಾಲಿಸಿಸ್ ಫಿಸ್ಟುಲಾ ಇರುವ ಕೈ ಮುಟ್ಟಬೇಡಿ.

ಪ್ರಶ್ನೆ: ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ಒಂದು ಆಂಪೂಲ್ ‘ನಿಧಾನಕ್ಕೆ ಕೊಡಿ’ ಅಂತ ಹೌಸ್ ಸರ್ಜನ್ ಹೇಳಿದರು. ಸಿರಿಂಜ್‌ನಲ್ಲಿ ಕೊಡಬಹುದಾ?
(ರಾಯಚೂರಿನ ಓದುಗರು)

ಉತ್ತರ: ಇಲ್ಲ. ಯಾರು ಹೇಳಿದರೂ ಇಲ್ಲ. ಹೃದಯ ನಿಲ್ಲುತ್ತದೆ. ಶೇ 15ರ 10 ಎಂಎಲ್ ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇರುತ್ತದೆ. ಸಾಮಾನ್ಯ ವಾರ್ಡ್‌ನಲ್ಲಿ, ಕೈಯ ಲೈನ್‌ನಲ್ಲಿ, ಒಂದು ಆಂಪೂಲನ್ನು 500 ಎಂಎಲ್‌ಗೆ ಬೆರೆಸಿ, ಗಂಟೆಗೆ 10 ಮಿಲಿ ಈಕ್ವಿವಲೆಂಟ್ ಮೀರದಂತೆ, ಅಂದರೆ ಕನಿಷ್ಠ 2 ಗಂಟೆ. ಅದಕ್ಕಿಂತ ವೇಗ ಬೇಕಿದ್ದರೆ ಮಾನಿಟರ್ ಇರುವ ಐಸಿಯುಗೆ ಹೋಗಲಿ. ತೂಗುಹಾಕಿದ ಬಾಟ್ಲಿಗೆ ಹಾಗೇ ಚುಚ್ಚಿ ಸೇರಿಸಿದರೆ ಅದು ಕೆಳಗೇ ಕುಳಿತು ಮೊದಲ ಹನಿಗಳಲ್ಲೇ ಗಟ್ಟಿಯಾಗಿ ಇಳಿಯುತ್ತದೆ. ಬಾಟ್ಲಿ ಇಳಿಸಿ, ಸೇರಿಸಿ, ಹತ್ತು ಸಲ ತಲೆಕೆಳಗು ಮಾಡಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ. ಮೂತ್ರ ಹೋಗುತ್ತಿದೆಯೇ ಮೊದಲು ನೋಡಿ. ಸ್ಟೆರೈಲ್ ವಾಟರ್ ಆಂಪೂಲ್‌ನ ಪಕ್ಕದಲ್ಲಿ ಇದನ್ನು ಇಡುವ ವಾರ್ಡ್ ನಿಮ್ಮದಾಗಿದ್ದರೆ ಇವತ್ತೇ ಜಾಗ ಬದಲಿಸಿ, ಎರಡೂ ನೀರಿನಂತೆಯೇ ಕಾಣುತ್ತವೆ.

ಪ್ರಶ್ನೆ: ರಾತ್ರಿ ಇಬ್ಬರೇ ಇರ್ತೀವಿ. ಕುಡಿದು ಬಂದ ಅಟೆಂಡರ್‌ಗಳು ಕೈ ಎತ್ತೋವರೆಗೂ ಬರ್ತಾರೆ. ಏನು ಮಾಡಬೇಕು?
(ತುಮಕೂರಿನ ಓದುಗರು)

ಉತ್ತರ: ಹಾಸಿಗೆ ಮತ್ತು ಗೋಡೆಯ ನಡುವೆ ಸಿಕ್ಕಿಹಾಕಿಕೊಳ್ಳಬೇಡಿ, ಬಾಗಿಲು ನಿಮ್ಮ ಬೆನ್ನಿಗಿರಲಿ. ಒಬ್ಬರು ಮಾತಾಡಿ, ಇನ್ನೊಬ್ಬರು ಸೆಕ್ಯುರಿಟಿ ಮತ್ತು ಡ್ಯೂಟಿ ಡಾಕ್ಟರಿಗೆ ಕರೆ ಮಾಡಿ, ತುರ್ತಾದರೆ 112. ಗಲಾಟೆ ಬಹಳ ಸಲ ಶುರುವಾಗುವುದು ‘ಡಾಕ್ಟರ್ ಬರ್ತಾರೆ, ಕೂತ್ಕೊಳ್ಳಿ’ ಅನ್ನೋ ಮಾತಿಂದ. ‘ಅಣ್ಣಾ, ಡಾಕ್ಟರಿಗೆ 11.10ಕ್ಕೆ ಫೋನ್ ಮಾಡಿದ್ದೀನಿ, ಲೇಬರ್ ವಾರ್ಡ್‌ನಲ್ಲಿದ್ದಾರೆ, ಅಲ್ಲಿವರೆಗೆ ನಾನು ಬಿಪಿ ನೋಡ್ತಾ ಇರ್ತೀನಿ’ ಅಂದರೆ ಅರ್ಧ ತಣ್ಣಗಾಗುತ್ತಾರೆ. ಸಾವಿನ ಸುದ್ದಿಯನ್ನು ಹೇಳುವುದು ನಿಮ್ಮ ಕೆಲಸವಲ್ಲ, ಡಾಕ್ಟರ್ ಜೊತೆ ನಿಲ್ಲಿ, ಒಬ್ಬರೇ ಹೇಳಬೇಡಿ.

ಕರ್ನಾಟಕದಲ್ಲಿ 2009ರಿಂದ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ಪ್ರತ್ಯೇಕ ಕಾಯಿದೆ ಇದೆ. ಅದು ಡಾಕ್ಟರಿಗೆ ಮಾತ್ರವಲ್ಲ, ನರ್ಸ್‌ಗೂ, ನರ್ಸಿಂಗ್ ವಿದ್ಯಾರ್ಥಿಗೂ ಅನ್ವಯ. ಜಾಮೀನಿಲ್ಲದ ಅಪರಾಧ, ಸಾಮಾನು ಒಡೆದರೆ ಬೆಲೆಯ ಎರಡರಷ್ಟು ವಸೂಲಿ. ದೂರನ್ನು ಆಸ್ಪತ್ರೆಯ ಮುಖ್ಯಸ್ಥರ ಮೂಲಕ ಲಿಖಿತವಾಗಿ ಕೊಡಿಸಿ. ಕೇಸ್ ಶೀಟ್‌ನಲ್ಲಿ ಹೊತ್ತು ಹಾಕಿ ನಡೆದದ್ದನ್ನಷ್ಟೇ ಬರೆಯಿರಿ. ‘ಕುಡಿದಿದ್ದರು’ ಅಂತ ತೀರ್ಪು ಕೊಡುವ ಬದಲು ‘ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು’ ಅಂತ.

ಪ್ರಶ್ನೆ: ನಾನು ಬ್ರದರ್. ಮಹಿಳಾ ರೋಗಿಗೆ ಕ್ಯಾತಿಟರ್ ಹಾಕಬೇಕಾದಾಗ ಏನು ಮಾಡಲಿ?
(ಬೀದರಿನ ಓದುಗರು)

ಉತ್ತರ: ಸಿಸ್ಟರ್ ಇದ್ದರೆ ಅವರೇ ಹಾಕಲಿ. ಇಲ್ಲದಿದ್ದರೆ ರೋಗಿಯ ಒಪ್ಪಿಗೆ ಕೇಳಿ, ಆಯಾ ಅಥವಾ ಮನೆಯ ಹೆಂಗಸನ್ನು ಪಕ್ಕ ನಿಲ್ಲಿಸಿಕೊಂಡು, ಸ್ಕ್ರೀನ್ ಎಳೆದು ಮಾಡಿ, ಜೊತೆಗಿದ್ದವರ ಹೆಸರು ನೋಟ್ಸ್‌ನಲ್ಲಿ ಬರೆಯಿರಿ. ಬಲೂನಿಗೆ ಸಲೈನ್ ಬೇಡ, ಸ್ಟೆರೈಲ್ ವಾಟರ್ ಹಾಕಿ. ಸಲೈನ್ ಹರಳುಗಟ್ಟಿದರೆ ತೆಗೆಯುವಾಗ ಬಲೂನ್ ಇಳಿಯುವುದಿಲ್ಲ.

ಪ್ರಶ್ನೆ: 40 ರೋಗಿಗಳಿಗೆ ಇಬ್ಬರು. ಖಾಸಗಿ ನರ್ಸಿಂಗ್ ಹೋಮ್, ಸಂಬಳ ಹೇಳೋಕೇ ನಾಚಿಕೆ. ಕಾನೂನು ಏನನ್ನುತ್ತೆ?
(ಬೆಂಗಳೂರಿನ ಓದುಗರು)

ಉತ್ತರ: ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಸಾಮಾನ್ಯ ಆಸ್ಪತ್ರೆಯ ವಾರ್ಡ್‌ನಲ್ಲಿ 5 ರೋಗಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ 3ಕ್ಕೆ ಒಬ್ಬರು, ಜೊತೆಗೆ ರಜೆಗೆಂದು ಶೇ 30 ಹೆಚ್ಚುವರಿ. ಸಂಬಳದ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ಸೂಚನೆಯಂತೆ ಕೇಂದ್ರ ನೇಮಿಸಿದ ಸಮಿತಿ ಹೇಳಿದ್ದು ಹೀಗೆ: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ನಷ್ಟೇ ಸಂಬಳ, 100 ದಾಟಿದ್ದರೆ ಅದಕ್ಕೂ ಇದಕ್ಕೂ ಇರುವ ಕೊರತೆ ಶೇ 10 ಮೀರಬಾರದು, 50ರಿಂದ 100 ಇದ್ದರೆ ಕೊರತೆ ಶೇ 25 ಮೀರಬಾರದು, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ಇವು ಶಿಫಾರಸು, ಜಾರಿ ರಾಜ್ಯದ ಕೈಯಲ್ಲಿದೆ, ಅಲ್ಲೇ ಸಿಕ್ಕಿಕೊಂಡಿದೆ. ಅಲ್ಲಿಯವರೆಗೆ ನಿಮ್ಮ ಕೈಲಾಗುವುದು ಬರವಣಿಗೆ: ಪ್ರತಿ ಪಾಳಿಯ ರಿಪೋರ್ಟ್ ಬುಕ್‌ನಲ್ಲಿ ‘ರೋಗಿಗಳು 40, ಸಿಬ್ಬಂದಿ 2, ಇನ್‌ಚಾರ್ಜ್‌ಗೆ ಇಂಥ ಹೊತ್ತಿಗೆ ತಿಳಿಸಲಾಗಿದೆ’ ಎಂದು ಒಂದು ಸಾಲು. ನಾಳೆ ಏನಾದರೂ ಹೆಚ್ಚುಕಡಿಮೆಯಾಗಿ ವಿಚಾರಣೆ ಬಂದರೆ ಆ ಒಂದು ಸಾಲು ನಿಮ್ಮ ಪರವಾಗಿ ಮಾತಾಡುತ್ತದೆ.